ಸೊನ್ನದಲ್ಲಿ ಬೆಳಗಿನ ಎಂಟು ಗಂಟೆ

ಮಳೆಗಾಲ ಬಂತೆಂದರೆ ಭೀಮಾ ದಂಡೆಯ ಊರುಗಳ ಮೊಬೈಲುಗಳಿಗೆ ಒಂದು ಬಗೆಯ ಸಂದೇಶ ಬರತೊಡಗುತ್ತದೆ. ಉಜನಿಯಿಂದ ಇಷ್ಟು ಸಾವಿರ ಕ್ಯುಸೆಕ್, ವೀರ ಜಲಾಶಯದಿಂದ ಇಷ್ಟು, ಸೊನ್ನ ಬ್ಯಾರೇಜಿನ ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕೊನೆಯ ಸಾಲು: ‘ಸಮಯ 8:00’. ಕೈಯಿಂದ ಕೈಗೆ ದಾಟುತ್ತ ಅದು ಘತ್ತರಗಿಗೂ ಗಾಣಗಾಪುರಕ್ಕೂ ತಲುಪುವ ಹೊತ್ತಿಗೆ ಓದಿದವರು ಕೇಳುವುದು ಒಂದೇ: ಇದು ಯಾವ ಎಂಟು? ಮುಂಜಾನೆಯದೋ ರಾತ್ರಿಯದೋ, ಇವತ್ತಿನದೋ ನಿನ್ನೆಯದೋ? ಮೇಲೆ ಬಿಟ್ಟ ನೀರು ಅಂದೇ ಸೊನ್ನಕ್ಕೆ ಬರುವುದಿಲ್ಲ. ನೀರಾ, ಸೀನಾ ಹೊಳೆಗಳನ್ನು ಸೇರಿಸಿಕೊಂಡು, ಪಂಢರಪುರ ದಾಟಿ ಬರಬೇಕು. ಪಂಪ್‌ಸೆಟ್ ಎತ್ತಿ ದಂಡೆಗೆ ತರಲು, ದನ ಬಿಚ್ಚಲು ಎಷ್ಟು ಹೊತ್ತಿದೆ ಎನ್ನುವುದು ಆ ‘8:00’ರ ಮೇಲೆ ನಿಂತಿರುತ್ತದೆ.

ಗೊತ್ತಾಗದಿದ್ದರೆ ಮನುಷ್ಯ ಫೋನ್ ಮಾಡಿ ಕೇಳುತ್ತಾನೆ, ಇಲ್ಲವೇ ಹೊಳೆಗೆ ಹೋಗಿ ನೋಡುತ್ತಾನೆ. ಅದೇ ಸಾಲನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಬಹುಮಟ್ಟಿಗೆ ಕೇಳುವುದಿಲ್ಲ. ಯಾವುದೋ ಒಂದು ಎಂಟನ್ನು ಹಿಡಿದುಕೊಂಡು ಮುಂದೆ ಹೋಗುತ್ತದೆ. ಅಕ್ಷರಗಳ ಸಾಲಿನಿಂದ ದಿನ, ತಿಂಗಳು, ಗಂಟೆಗಳನ್ನು ಬಿಡಿಸಿ ತೆಗೆಯುವ ಈ ಕೆಲಸಕ್ಕೆ ಪ್ರೋಗ್ರಾಂ ಬರೆಯುವವರು ಪಾರ್ಸಿಂಗ್ ಎನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಕೊಡುವ ಕೆಲಸ ಅದು. ಹತ್ತು ವರ್ಷ ಹಳಬರೂ ಅದರಲ್ಲೇ ಮುಗ್ಗರಿಸುತ್ತಾರೆ.

ಎಂಟು ಗಂಟೆಯಿಂದಲೇ ಶುರು ಮಾಡೋಣ. ನದಿಯ ಮಟ್ಟವನ್ನು ಬೆಳಗ್ಗೆ 8ಕ್ಕೆ ಓದಿ ಬರೆದುಕೊಳ್ಳುವುದು ಕೇಂದ್ರ ಜಲ ಆಯೋಗದ ರೂಢಿ. ನೆರೆ ಬಂದಾಗ ಗಂಟೆಗೊಮ್ಮೆ. ಈ ಓದುಗಳನ್ನು ಗಂಟೆ ಗಂಟೆಗೆ ಎತ್ತಿಕೊಳ್ಳುವ ಚಿಕ್ಕ ಸ್ಕ್ರಿಪ್ಟ್ ಒಂದನ್ನು ಯಾರೋ ಲಿನಕ್ಸ್ ಯಂತ್ರದ ಬ್ಯಾಶ್‌ನಲ್ಲಿ ಬರೆದರು ಎಂದುಕೊಳ್ಳಿ. ಗಡಿಯಾರ ಕೊಡುವ ಗಂಟೆ ಎರಡಂಕಿಯದು: 06, 07, 08, 09, 10. ಅದಕ್ಕೊಂದು ಕೂಡಿಸಿ ಮುಂದಿನ ಗಂಟೆ ಹುಡುಕುವುದು ಸ್ಕ್ರಿಪ್ಟಿನ ಕೆಲಸ. ಬ್ಯಾಶ್‌ನ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾದ ಸಂಖ್ಯೆ ಎಂಟರ ಬುಡದ್ದು, ಅಂದರೆ ಅಲ್ಲಿ ಇರುವ ಅಂಕಿಗಳು ಸೊನ್ನೆಯಿಂದ ಏಳರವರೆಗೆ ಮಾತ್ರ. 07 ಸರಿ. 08 ಎಂದ ಕೂಡಲೇ ಇಂಥ ಅಂಕಿಯೇ ಇಲ್ಲ ಎಂದು ತಕರಾರು. 09ಕ್ಕೂ ಅದೇ ತಕರಾರು. 10ಕ್ಕೆ ಮತ್ತೆ ಎಲ್ಲ ಸರಿ. ಬರೆದವರು ಆಫೀಸಿಗೆ ಬಂದು ಹತ್ತೂವರೆಗೆ ಓಡಿಸಿ ನೋಡಿದರೆ ಏನೂ ಕಾಣುವುದಿಲ್ಲ. ದಿನದ 24 ಗಂಟೆಗಳಲ್ಲಿ ಎರಡೇ ಗಂಟೆ ಕೆಡುವ ಯಂತ್ರ, ಅದರಲ್ಲೊಂದು ಹೊಳೆಯ ಮಟ್ಟ ಅಳೆಯುವ ಗಂಟೆ.

ಬ್ಯಾಶ್ ಕೂಗಿಯಾದರೂ ಹೇಳುತ್ತದೆ. ಹಳೆಯ ಬ್ರೌಸರುಗಳ ಜಾವಾಸ್ಕ್ರಿಪ್ಟ್ ಹೇಳುತ್ತಲೇ ಇರಲಿಲ್ಲ. ‘08’ ಎಂಬ ಬರಹವನ್ನು ಸಂಖ್ಯೆ ಮಾಡು ಎಂದರೆ ಸದ್ದಿಲ್ಲದೆ ಸೊನ್ನೆ ಕೊಡುತ್ತಿತ್ತು. ಆಗಸ್ಟ್, ಸೆಪ್ಟೆಂಬರ್ ಎರಡೂ ಸೊನ್ನೆ. 2009ರ ಕೊನೆಯಲ್ಲಿ ಬಂದ ಹೊಸ ನಿಯಮಾವಳಿ ಇದನ್ನು ತಿದ್ದಿತು. ಈ ಎರಡರಲ್ಲಿ ನನಗೆ ಬ್ಯಾಶ್ ಮೇಲೇ ಪ್ರೀತಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನಿಂತುಬಿಡುವವನ ಜೊತೆ ಸಂಸಾರ ಮಾಡಬಹುದು.

ಸೊನ್ನೆಯ ಮಾತು ಬಂದದ್ದಕ್ಕೆ ಇನ್ನೊಂದು. ಕನ್ನಡದ ೦ ಎಂಬ ಅಂಕಿಗೂ ಅನುಸ್ವಾರದ ದುಂಡಿಗೂ ಕಣ್ಣಿಗೆ ಹೆಚ್ಚು ವ್ಯತ್ಯಾಸವಿಲ್ಲ, ಯಂತ್ರಕ್ಕೆ ಅವೆರಡೂ ಬೇರೆ ಜಾತಿ. ಕನ್ನಡದ ೨, ತೆಲುಗಿನ ౨ ಒಂದೇ ಥರ ಕಂಡರೂ ಅವುಗಳ ಸಂಕೇತ ಬೇರೆ ಬೇರೆ. ೨೦೨೦ ಎಂದು ಕನ್ನಡದಲ್ಲಿ ಬರೆದು ಸಂಖ್ಯೆ ಮಾಡೆಂದರೆ ಪೈಥಾನ್ ಒಪ್ಪಿಕೊಳ್ಳುತ್ತದೆ; ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ತಿಂಗಳ ಹೆಸರಿಗೆ ಬಂದರೆ ಜನವರಿ, ಜನೆವರಿ, ಜನೇವರಿ ಎಂದು ನಮ್ಮ ಪತ್ರಿಕೆಗಳೇ ಮೂರು ಬಗೆಯಲ್ಲಿ ಅಚ್ಚು ಹಾಕುತ್ತವೆ. ಕಂಪ್ಯೂಟರಿನ ಕನ್ನಡ ಪಟ್ಟಿಯಲ್ಲಿರುವುದು ಒಂದೇ. ಅದೇ ಪಟ್ಟಿಯಲ್ಲಿ ಮುಂಜಾನೆಗೆ ಪೂರ್ವಾಹ್ನ, ಮಧ್ಯಾಹ್ನದ ನಂತರಕ್ಕೆ ಅಪರಾಹ್ನ. ಅಫಜಲಪುರದ ಬಸ್ ನಿಲ್ದಾಣದಲ್ಲಿ ‘ಅಪರಾಹ್ನದ ಬಸ್ಸು ಎಷ್ಟೊತ್ತಿಗೆ’ ಎಂದು ಕೇಳಿ ನೋಡಿ!

ಗಂಟೆ ಸರಿಯಾಗಿ ಓದಿದರೂ ದಿನ ತಪ್ಪಬಹುದು. ಹವಾಮಾನ ಇಲಾಖೆಯ ಮಳೆದಿನ ನಡುರಾತ್ರಿಯಿಂದ ನಡುರಾತ್ರಿಗೆ ಹೋಗುವುದಿಲ್ಲ. ಬೆಳಗ್ಗೆ 8:30ರಿಂದ ಮರುದಿನ ಬೆಳಗ್ಗೆ 8:30ಕ್ಕೆ ಹೋಗುತ್ತದೆ. ಎಂಟೂವರೆ ಏಕೆ? ಜಗತ್ತಿನ ಸಮನ್ವಯ ಸಮಯದಲ್ಲಿ ಅದು ಸರಿಯಾಗಿ 3 ಗಂಟೆ. 2020ರ ಅಕ್ಟೋಬರ್ 13ರ ಬೆಳಗ್ಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಬಳಿ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ಕಡೆ ಬಂತು. ಆಮೇಲಿನ ಭೀಮಾ ನೆರೆಯನ್ನು ಈ ದಂಡೆಯವರು ಮರೆತಿಲ್ಲ. ಮಳೆಯ ಪಟ್ಟಿಯಲ್ಲಿ ‘ಅ. 14’ ಎಂದಿದ್ದರೆ ಅದು 14ರ ಬೆಳಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳ ಮಳೆ. ಅದರಲ್ಲಿ ಹೆಚ್ಚಿನ ಹೊತ್ತು 13ರದು. ಆ ಪಟ್ಟಿಯನ್ನು ನಡುರಾತ್ರಿಯಿಂದ ದಿನ ಎಣಿಸುವ ನೀರಿನ ಪಟ್ಟಿಯ ಪಕ್ಕ ಹಾಗೇ ಇಟ್ಟು ನಕ್ಷೆ ಬಿಡಿಸಿದರೆ, ಮಳೆ ಬೀಳುವ ಮೊದಲೇ ಹೊಳೆ ಏರಿದಂತೆಯೂ ಕಾಣಬಹುದು. ‘2020-10-14’ ಎಂಬ ಬರಹ ಚೊಕ್ಕವಾಗಿಯೇ ಇದೆ. ಅದನ್ನು ಬರೆದವರ ದಿನ ಎಲ್ಲಿ ಶುರುವಾಗುತ್ತದೆ ಎನ್ನುವುದು ಬರಹದೊಳಗೆ ಇಲ್ಲ. ನಮ್ಮ ಮನೆಗಳಲ್ಲೂ ಹೀಗೇ ತಾನೆ: ಮಂಗಳವಾರ ರಾತ್ರಿ ಎರಡಕ್ಕೆ ಎಂದರೆ ಕ್ಯಾಲೆಂಡರಿನ ಪ್ರಕಾರ ಬುಧವಾರ. ಪಂಚಾಂಗದ ವಾರ ಹುಟ್ಟುವುದು ಸೂರ್ಯ ಹುಟ್ಟಿದಾಗ. ರೈಲಿನ ಟಿಕೆಟ್‌ಗೆ ಇದು ತಿಳಿಯದು. 00:10ರ ಗಾಡಿಗೆ ಒಂದು ದಿನ ತಡವಾಗಿ ನಿಲ್ದಾಣಕ್ಕೆ ಹೋದವರು ಪ್ರತಿ ಬಳಗದಲ್ಲೂ ಒಬ್ಬರಿದ್ದಾರೆ. ನಮ್ಮ ಬಳಗದಲ್ಲಿ ಅದು ನಾನೇ.

ಓರೆಗೀಟಿನ ಕಥೆ ಎಲ್ಲರಿಗೂ ಗೊತ್ತಿರುವಂಥದು: 5/10 ನಮಗೆ ಅಕ್ಟೋಬರ್ ಐದು, ಅಮೆರಿಕದವರಿಗೆ ಮೇ ಹತ್ತು. ಇದರಲ್ಲಿ ಕೆಟ್ಟದ್ದು ಅರ್ಧ ಸರಿಯಾಗುವುದು. ಪೈಥಾನ್‌ನವರು ಪಟ್ಟಿಗಳಿಗೆ ಬಳಸುವ ಪಾಂಡಾಸ್ ಎಂಬ ಸಲಕರಣೆ 2023ರ ತನಕ ಏನು ಮಾಡುತ್ತಿತ್ತೆಂದರೆ, ನೀವು ಕ್ರಮ ಹೇಳದಿದ್ದರೆ ಅಮೆರಿಕದ ಕ್ರಮ ಹಿಡಿಯುತ್ತಿತ್ತು; 13/10 ಎಂದು ಬಂದರೆ, ಹದಿಮೂರನೇ ತಿಂಗಳಿಲ್ಲವಲ್ಲ, ಆ ಒಂದು ಸಾಲಿಗೆ ಮಾತ್ರ ನಮ್ಮ ಕ್ರಮ. ಸೊನ್ನದ ಅಕ್ಟೋಬರ್ ತಿಂಗಳ ಪಟ್ಟಿಯನ್ನು ಅದರ ಬಾಯಿಗೆ ಕೊಟ್ಟರೆ 1ನೇ ತಾರೀಖು ಜನವರಿ ಹತ್ತಾಗುತ್ತದೆ, 2ನೇ ತಾರೀಖು ಫೆಬ್ರುವರಿ ಹತ್ತು, ಹೀಗೇ 12ನೆಯದು ಡಿಸೆಂಬರ್ ಹತ್ತು. 13ರಿಂದ ಮುಂದಿನವೆಲ್ಲ ಸರಿ. ನಡುವೆ 10/10 ಒಂದು ಎರಡೂ ಕ್ರಮದಲ್ಲಿ ಒಂದೇ ಆಗಿ ತಪ್ಪಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮರಳು ಕಾಣುವ ಭೀಮೆಗೆ ತಿಂಗಳಿಗೊಂದು ದಿನ, ಹತ್ತನೇ ತಾರೀಖಿಗೆ ಸರಿಯಾಗಿ, ನೀರು ಬಂದಂತೆ ನಕ್ಷೆ ಮೂಡುತ್ತದೆ. ಬಹುಕಾಲ ಎಚ್ಚರಿಕೆಯ ಒಂದು ಸಾಲೂ ಇರದೆ ನಡೆಯುತ್ತಿದ್ದ ಕೆಲಸ ಇದು.

ತಾರೀಖೇ ಅಲ್ಲದ್ದನ್ನು ತಾರೀಖೆಂದು ಓದುವುದು ಇನ್ನೂ ಸೊಗಸು. ನೆರೆ ಇಳಿದ ಮೇಲೆ ಬೆಳೆಹಾನಿಯ ಯಾದಿ ಬರೆಯುತ್ತಾರೆ: ರೈತರ ಹೆಸರು, ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ. ಎಕ್ಸೆಲ್ ತೆರೆದು ಸರ್ವೆ ನಂಬರಿನ ಮನೆಯಲ್ಲಿ 5/2 ಎಂದು ಹೊಡೆಯಿರಿ. ಎಂಟರ್ ಒತ್ತಿದ ಕ್ಷಣ ಅದು ಫೆಬ್ರುವರಿ ಐದು. ಯಂತ್ರದ ಸಿದ್ಧತೆ ಅಮೆರಿಕದ್ದಾಗಿದ್ದರೆ ಮೇ ಎರಡು. 12/45 ಎಂದರೆ 1945ರ ಡಿಸೆಂಬರ್. 112/3 ಎಂದರೆ ಮಾತ್ರ ಹಾಗೇ ಉಳಿಯುತ್ತದೆ, 5/2ಅ ಎಂದರೂ ಉಳಿಯುತ್ತದೆ. ಒಂದೇ ಕಾಲಮ್ಮಿನಲ್ಲಿ ಒಬ್ಬರ ಹೊಲ ಹೊಲವಾಗಿಯೂ ಇನ್ನೊಬ್ಬರ ಹೊಲ ದಿನವಾಗಿಯೂ ಕೂತುಬಿಡುತ್ತವೆ. ಗಾಬರಿಯಾಗಿ ಆ ಮನೆಯನ್ನು ‘ಟೆಕ್ಸ್ಟ್’ ಎಂದು ಬದಲಿಸಿದರೆ 5/2 ತಿರುಗಿ ಬರುವುದಿಲ್ಲ. 2025ರಲ್ಲಿ ಹೊಡೆದಿದ್ದರೆ 45693 ಎಂದು ಬರುತ್ತದೆ; ಎಕ್ಸೆಲ್ 1900ರಿಂದ ಎಣಿಸಿಕೊಂಡು ಬಂದ ದಿನಗಳ ಸಂಖ್ಯೆ ಅದು. ಅಷ್ಟು ದೊಡ್ಡ ಸರ್ವೆ ನಂಬರು ಯಾವ ಊರಲ್ಲಿದೆ? ಮೊದಲೇ ಕಾಲಮ್ಮನ್ನು ಟೆಕ್ಸ್ಟ್ ಮಾಡಿ ಆಮೇಲೆ ತುಂಬಬೇಕು, ಇಲ್ಲವೇ ಸರ್ವೆ ನಂಬರ್ ಒಂದು ಕಡೆ, ಹಿಸ್ಸಾ ಇನ್ನೊಂದು ಕಡೆ ಇಡಬೇಕು. ನಮ್ಮವರಿಗೆ ಮಾತ್ರ ಈ ಗೋಳು ಎಂದುಕೊಳ್ಳಬೇಡಿ. ಮಾರ್ಚ್, ಸೆಪ್ಟ್ ಎಂಬ ಅಕ್ಷರಗಳಿಂದ ಶುರುವಾಗುವ ಹೆಸರಿನ ಮನುಷ್ಯರ ಜೀನುಗಳಿವೆ. ಎಕ್ಸೆಲ್ ಅವನ್ನು ತಾರೀಖು ಮಾಡುವುದು ನಿಲ್ಲಲಿಲ್ಲವಾಗಿ, ಕೊನೆಗೆ 2020ರಲ್ಲಿ ವಿಜ್ಞಾನಿಗಳು ಜೀನುಗಳ ಹೆಸರನ್ನೇ ಬದಲಿಸಿದರು.

ಇದರ ತದ್ವಿರುದ್ಧ ತಪ್ಪೂ ಇದೆ. ಯಾಮಲ್ ಎಂಬ ಸಂರಚನೆಯ ಹಳೆಯ ನಿಯಮದಲ್ಲಿ ಉದ್ಧರಣ ಚಿಹ್ನೆ ಹಾಕದೆ 18:30 ಎಂದು ಬರೆದರೆ ಅದನ್ನು ಅರವತ್ತರ ಲೆಕ್ಕದ ಸಂಖ್ಯೆ ಎಂದು ಓದಿ 1110 ಮಾಡುವ ತಂತ್ರಾಂಶಗಳಿವೆ. ಅವುಗಳಲ್ಲೇ 08:30 ಎಂದು ಬರೆದರೆ, ಮುಂದಿನ ಸೊನ್ನೆಯ ದೆಸೆಯಿಂದ, ಬರಹವಾಗಿಯೇ ಉಳಿಯುತ್ತದೆ. ಮುಂಜಾನೆಯ ಗೇಟು ಸಮಯ ಒಂದು ಥರ, ಸಂಜೆಯದು ಇನ್ನೊಂದು ಥರ.

ಈಗ ಊರಿನ ಹೆಸರು. ಕಲಬುರಗಿ ಜಿಲ್ಲೆಯಲ್ಲಿ ಬ್ಯಾರೇಜಿನ ಸೊನ್ನ ಅಫಜಲಪುರ ತಾಲ್ಲೂಕಿನಲ್ಲಿದೆ, ಇನ್ನೊಂದು ಸೊನ್ನ ಜೇವರ್ಗಿ ತಾಲ್ಲೂಕಿನಲ್ಲಿದೆ. ‘ಯಾವ ಸೊನ್ನ?’ ಎಂದು ಕೇಳದೆ ಬಸ್ ಹತ್ತಿದವನ ಪಾಡು ‘ಐಎಸ್‌ಟಿ’ ಎಂಬ ಮೂರಕ್ಷರ ನಂಬಿದವನದು. ಭಾರತದ ಸಮಯವೂ ಐಎಸ್‌ಟಿ, ಐರ್ಲೆಂಡಿನದೂ ಐಎಸ್‌ಟಿ, ಇಸ್ರೇಲಿನದೂ ಐಎಸ್‌ಟಿ. ಹೀಗಾಗಿಯೇ ತಿಳಿದವರು ಅಕ್ಷರ ಬಿಟ್ಟು +05:30 ಎಂದು ಬರೆಯುತ್ತಾರೆ. ಈ ಐದೂವರೆ ನಮ್ಮ ಪ್ರೋಗ್ರಾಮರುಗಳ ಹಣೆಬರಹ. ನಮ್ಮ ನಡುರಾತ್ರಿ ಜಗತ್ತಿನ ಸಮಯದಲ್ಲಿ ಹಿಂದಿನ ದಿನದ 18:30. ದತ್ತಾಂಶದಲ್ಲಿ ಎಲ್ಲಿ 18:30:00 ಎಂಬ ಸಾಲು ಸಾಲು ಕಂಡಿತೋ ಅಲ್ಲಿ ಯಾರೋ ಭಾರತೀಯರು ಬರೀ ತಾರೀಖನ್ನು ಸಮಯದ ಚೀಲದಲ್ಲಿ ತುಂಬಿದ್ದಾರೆ ಎಂದೇ ಲೆಕ್ಕ. ಅಕ್ಟೋಬರ್ 5ಕ್ಕೆ ಹುಟ್ಟಿದ ಮಗು ಹೀಗೆ 4ಕ್ಕೆ ಹುಟ್ಟಿದಂತಾಗುತ್ತದೆ. ಜಾವಾಸ್ಕ್ರಿಪ್ಟ್ ಇದಕ್ಕೊಂದು ಗಂಟು ಹಾಕಿದೆ: 2020-10-05 ಎಂದು ಅಡ್ಡಗೀಟಿನಿಂದ ಬರೆದರೆ ಜಗತ್ತಿನ ಸಮಯ, ಅದನ್ನೇ ಓರೆಗೀಟಿನಿಂದ ಬರೆದರೆ ಬ್ರೌಸರುಗಳಲ್ಲಿ ನಿಮ್ಮ ಊರಿನ ಸಮಯ. ಗೀಟು ವಾಲಿದ್ದಕ್ಕೆ ಐದೂವರೆ ಗಂಟೆ ದಂಡ.

ಗಡಿಯಾರವೇನೂ ಸೊನ್ನದ್ದಲ್ಲ ಎನ್ನುವುದೂ ನಿಜ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, 1906ರ ಜನವರಿ 1ರಿಂದ ನಡೆದು ಬಂದದ್ದು. ಸೊನ್ನದ ನೆತ್ತಿಗೆ ಸೂರ್ಯ ಬರುವುದು ಆ ರೇಖೆಗಿಂತ ಸುಮಾರು 24 ನಿಮಿಷ ತಡವಾಗಿ. ಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ನಡುವಿನ ತನಕ, ಭಾರತದ ಸಮಯವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆ ವರ್ಷಗಳ ಜಾತಕ ಹಾಕುವ ತಂತ್ರಾಂಶಕ್ಕೆ ಇದು ಗೊತ್ತಿಲ್ಲದಿದ್ದರೆ ಲಗ್ನವೇ ಬದಲಾಗಬಹುದು.

ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುವ ಚಟ 2000ದ ಗದ್ದಲದ ಮೇಲೂ ಹೋಗಿಲ್ಲ. 15-08-47 ಎಂದು ಕೊಡಿ. ಎಕ್ಸೆಲ್ 1947 ಎನ್ನುತ್ತದೆ, ಪೈಥಾನ್ 2047 ಎನ್ನುತ್ತದೆ. ಒಂದಕ್ಕೆ ಗಡಿ 29, ಇನ್ನೊಂದಕ್ಕೆ 68. ಒಬ್ಬರ ಸ್ವಾತಂತ್ರ್ಯ ಬಂದಾಯಿತು, ಇನ್ನೊಬ್ಬರದು ಇನ್ನೂ ಬರಬೇಕು. ಜಾವಾದ ಹಳೆಯ ಓದುಗನಿಗೆ ಫೆಬ್ರುವರಿ 31 ಕೊಟ್ಟರೂ ಬೇಡ ಎನ್ನದೆ ಮಾರ್ಚ್ 2ನ್ನೋ 3ನ್ನೋ ಕೊಡುತ್ತದೆ. ಇಂಥ ಉದಾರಿಗಳನ್ನು ಕಂಡರೆ ನನಗೆ ಭಯ.

ನಾಲ್ಕಂಕಿ ಬರೆದರೆ ಮುಗಿಯಿತೇ? ನಮ್ಮ ಕಡೆ ಮುಗಿಯುವುದಿಲ್ಲ. ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ಕಾಗದವಿದ್ದರೆ ತೆಗೆದು ನೋಡಿ. ಇಸವಿಯ ಜಾಗದಲ್ಲಿ 1357 ಎಂದಿರಬಹುದು, ತಿಂಗಳ ಜಾಗದಲ್ಲಿ ಅಜೂರ್, ದೈ, ಬಹಮನ್, ಖುರ್ದಾದ್, ತೀರ್, ಆಬಾನ್‌ಗಳಲ್ಲಿ ಒಂದು. ಅದು ಫಸಲಿ ಎಂಬ ಕಂದಾಯದ ವರ್ಷ. 590 ಕೂಡಿಸಿದರೆ ಆ ಫಸಲಿ ಶುರುವಾದ ಕ್ರಿ.ಶ. ಇಸವಿ ಸಿಗುತ್ತದೆ ಎಂದು ಹಳೆಯ ಕಂದಾಯದವರು ಬಾಯಿಲೆಕ್ಕ ಹಾಕುತ್ತಾರೆ. ಲೆಕ್ಕ ಸರಿ, ಆದರೆ ವರ್ಷ ಹುಟ್ಟುವ ದಿನ ಒಂದೇ ಅಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಅಜೂರ್ ಒಂದು ಅಕ್ಟೋಬರ್ ಮೊದಲ ವಾರದಲ್ಲಿ. ಬಳ್ಳಾರಿ ಇದ್ದ ಮದ್ರಾಸ್ ಪ್ರಾಂತ್ಯದಲ್ಲಿ ಫಸಲಿ ಹುಟ್ಟುತ್ತಿದ್ದುದು ಜುಲೈ 1ಕ್ಕೆ. ಮುಂಬಯಿ ಪ್ರಾಂತ್ಯದಲ್ಲಿ ಮಿರಗ ಕೂಡುವ ಜೂನ್ ಮೊದಲ ವಾರದಲ್ಲಿ. ಸೊನ್ನದಿಂದ ಹೊಳೆಯಾಚೆಯ ವಿಜಯಪುರ ಜಿಲ್ಲೆ ಮುಂಬಯಿಗೆ ಸೇರಿತ್ತು. ಈ ದಂಡೆಯ ಫಸಲಿ ವರ್ಷ ಅಕ್ಟೋಬರಿಗೆ, ಆ ದಂಡೆಯದು ಜೂನಿಗೆ; ನಡುವೆ ಒಂದೇ ನೀರು.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17ನ್ನೇ ತೆಗೆದುಕೊಳ್ಳಿ. ನಿಜಾಮರ ದಫ್ತರದಲ್ಲಿ ಅದು ಫಸಲಿ 1357ರ ಕೊನೆಯ ದಿನಗಳು. ಅದೇ ದಿನ ಬಳ್ಳಾರಿಯ ದಫ್ತರದಲ್ಲಿ 1358 ಶುರುವಾಗಿ ಎರಡೂವರೆ ತಿಂಗಳಾಗಿತ್ತು. ಇಂಥ ಕಾಗದಗಳನ್ನು ಸ್ಕ್ಯಾನ್ ಮಾಡಿ ಪಟ್ಟಿಗೆ ಹಾಕುವಾಗ ‘ತಾರೀಖು’ ಎಂಬ ಒಂದೇ ಮನೆ ಇಟ್ಟರೆ ಸಾಲದು. ಕಾಗದದಲ್ಲಿ ಏನು ಬರೆದಿತ್ತೋ ಅದು ಅಕ್ಷರಶಃ ಒಂದು ಮನೆಯಲ್ಲಿರಬೇಕು, ಯಾವ ದಫ್ತರದ್ದು ಎನ್ನುವುದು ಇನ್ನೊಂದರಲ್ಲಿ, ನಾವು ಲೆಕ್ಕ ಹಾಕಿದ ದಿನ ಮೂರನೆಯದರಲ್ಲಿ. ಮೂರನೆಯದನ್ನು ನಾಳೆ ತಿದ್ದಬಹುದು. ಮೊದಲನೆಯದನ್ನು ಒಮ್ಮೆ ಅಳಿಸಿದರೆ ತಿದ್ದಲು ಏನೂ ಉಳಿದಿರುವುದಿಲ್ಲ.

ಈ ವಿಷಯದಲ್ಲಿ ಕಲ್ಲಿನ ಮೇಲೆ ಬರೆದವರು ನಮಗಿಂತ ಜಾಣರು. ನಮ್ಮ ಭಾಗದ ಶಾಸನಗಳಲ್ಲಿ ಬರೀ ಶಕವರ್ಷದ ಅಂಕಿ ಕೊಟ್ಟು ಕೈತೊಳೆದುಕೊಳ್ಳುವುದು ಕಡಿಮೆ. ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ಗ್ರಹಣವನ್ನೂ ಸೇರಿಸುತ್ತಾರೆ. ಆರನೇ ವಿಕ್ರಮಾದಿತ್ಯ 1076ರಿಂದ ತನ್ನದೇ ಶಕೆ ಹೂಡಿದ್ದರಿಂದ ‘7ನೆಯ ವರ್ಷ’ ಎಂದರೆ ಯಾವ ಏಳು ಎನ್ನುವ ಪ್ರಶ್ನೆ ಅಲ್ಲೂ ಬರುತ್ತದೆ. ಶಕವರ್ಷ ನಡೆಯುತ್ತಿರುವುದೋ ಕಳೆದದ್ದೋ ಎನ್ನುವ ತೊಡಕೂ ಇದೆ. ಆದರೆ ತಿಥಿಗೂ ವಾರಕ್ಕೂ ತಾಳೆ ಬಂದರೆ ತಾರೀಖು ನಿಲ್ಲುತ್ತದೆ, ಬರದಿದ್ದರೆ ಅನುಮಾನ ಏಳುತ್ತದೆ. ಶಾಸನ ವಿದ್ವಾಂಸರಾದ ಫ್ಲೀಟ್, ಕೀಲ್ಹಾರ್ನ್ ಇಂಥ ತಾಳೆಗಾಗಿ ವರ್ಷಗಟ್ಟಲೆ ಕೂತರು. ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ 1896ರಲ್ಲಿ ಅದಕ್ಕೆಂದೇ ಕೋಷ್ಟಕಗಳ ಪುಸ್ತಕ ತಂದರು. ಇಮೇಲಿನ ತಲೆಬರಹದಲ್ಲಿ ಇಂದಿಗೂ ವಾರದ ಹೆಸರಿರುತ್ತದೆ: ಸೋಮ, 05 ಅಕ್ಟೋಬರ್ 2020, +0530 ಎಂಬ ಧಾಟಿಯಲ್ಲಿ. ಪೈಥಾನ್‌ನ ಸಾಮಾನ್ಯ ಓದುಗನಿಗೆ ಅದನ್ನು ‘ಮಂಗಳ’ ಎಂದು ಬದಲಿಸಿ ಕೊಡಿ, ಒಂದು ಮಾತೂ ಆಡುವುದಿಲ್ಲ. ಸಾಕ್ಷಿಯ ಹೆಸರು ಕೂಗಿ, ಸಾಕ್ಷಿ ಕೇಳದೆ ಕಳಿಸಿದ ಹಾಗೆ.

ಶಾಸನದ ಈ ಬುದ್ಧಿ ನಮ್ಮ ಹಿರಿಯರ ಬಾಯಲ್ಲಿ ಉಳಿದಿದೆ. ಅವರಿಗೆ ಹುಟ್ಟಿದ ತಾರೀಖು ಗೊತ್ತಿಲ್ಲ ಎಂದು ನಾವು ಸುಮ್ಮನೆ ಹೇಳುತ್ತೇವೆ. ಶಾಲೆಗೆ ಹೋದವರಿಗೆ ಮಾಸ್ತರರು ಜೂನ್ 1 ಬರೆದರು, ಹೋಗದವರಿಗೆ ಆಧಾರ್ ಹೊತ್ತಿನಲ್ಲಿ ಜನವರಿ 1 ಬಂತು. ಇಸವಿ ಮಾತ್ರ ಸಿಕ್ಕಾಗ ಉಳಿದದ್ದನ್ನು ಒಂದು, ಒಂದು ಎಂದು ತುಂಬುವುದು ಪ್ರೋಗ್ರಾಮುಗಳಿಗೂ ಚಟ. ದಿನ, ತಿಂಗಳು ಮಾತ್ರ ಕೊಟ್ಟರೆ ಪೈಥಾನ್ ಇಸವಿಯ ಜಾಗಕ್ಕೆ 1900 ಹಾಕಿಕೊಳ್ಳುತ್ತದೆ. ಆ ವರ್ಷ ಅಧಿಕವರ್ಷವಲ್ಲದ್ದರಿಂದ ಫೆಬ್ರುವರಿ 29 ಎಂದರೆ ಅಂಥ ದಿನವೇ ಇಲ್ಲ ಎಂದು ಜಗಳಕ್ಕೆ ಬರುತ್ತದೆ.

‘ಮುತ್ಯಾ, ನೀವು ಹುಟ್ಟಿದ್ದು ಯಾವಾಗರಿ?’ ಎಂದು ಒಮ್ಮೆ ಊರಿನ ಹಿರಿಯರೊಬ್ಬರನ್ನು ಕೇಳಿದ್ದೆ.

‘ರಜಾಕಾರ್ ಗದ್ಲ ಇತ್ತಲ್ಲ, ಪೊಲೀಸ್ ಆಕ್ಷನ್ ಆಗೂಕಿಂತ ಮೊದಲ. ಎಳ್ಳಮಾಸಿ ಮರುದಿನ. ಸ್ವಾಮಾರ ಇತ್ತಂತ ನಮ್ಮವ್ವ ಹೇಳತಿದ್ಲು.’

ಮನೆಗೆ ಬಂದು ಲೆಕ್ಕ ಹಾಕಿದೆ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ 1948ರ ಸೆಪ್ಟೆಂಬರಿನಲ್ಲಿ. ಅದರ ಹಿಂದಿನ ಎಳ್ಳಮಾವಾಸ್ಯೆ ಬಂದದ್ದು 1948ರ ಜನವರಿ 11ಕ್ಕೆ, ಭಾನುವಾರ. ಮರುದಿನ 12, ಸೋಮವಾರ. ತಾಳೆ ಬಂತು. ಆಧಾರ್ ಕಾರ್ಡಿನಲ್ಲಿ ಅವರ ಹುಟ್ಟಿದ ದಿನ 01-01-1948 ಎಂದಿದೆ. ಅಂದು ಗುರುವಾರ.